ಕೇರಿಯಿಂದ ಇಸ್ಕೂಲಿಗೆ ಇರುವ ದಾರಿ

ಇಸ್ಕೂಲಿನ ಚರಿತ್ರೆ ಬರೆಯೋರು ಕಟ್ಟಡದಿಂದ ಶುರು ಮಾಡ್ತಾರೆ. ಯಾವ ಇಸವಿಯಲ್ಲಿ ಕಟ್ಟಿದರು, ಯಾರು ದಾನ ಕೊಟ್ಟರು, ಮೇಷ್ಟ್ರು ಯಾರು, ಎಲ್ಲ ಅದರಲ್ಲಿ ಇರುತ್ತದೆ. ಆ ಕಟ್ಟಡದವರೆಗೆ ಮಗು ಹೇಗೆ ನಡೆದು ಬಂತು ಅನ್ನೋದು ಇರೋದಿಲ್ಲ. ನಮಗೆ ಬೇಕಾದದ್ದು ಆ ದಾರಿಯ ಚರಿತ್ರೆ. ನಮ್ಮ ಹಿರಿಯರಲ್ಲಿ ಎಷ್ಟೋ ಜನಕ್ಕೆ ಅಕ್ಷರ ತಪ್ಪಿದ್ದು ದಾರಿಯಲ್ಲೇ.

ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳನ್ನು ನೋಡಿ. ಊರು ಒಂದು ಕಡೆ, ಕೇರಿ ಇನ್ನೊಂದು ಕಡೆ. ಇಸ್ಕೂಲು ಬಹುಪಾಲು ಊರೊಳಗೆ. ಕೇರಿಯ ಮಗು ತೆಂಗಿನ ತೋಟದ ಬೇಲಿ ಬದಿಯಲ್ಲಿ ನಡೆದು, ಕೆರೆ ಏರಿ ದಾಟಿ, ಊರಬೀದಿಯ ಜಗಲಿಗಳ ಮುಂದೆ ಹಾದು ಹೋಗಬೇಕು. ‘ಯಾವನ ಮಗನೋ ನೀನು? ನಿಮ್ಮಪ್ಪ ಯಾಕೋ ಇವತ್ತು ಕೆಲಸಕ್ಕೆ ಬರಲಿಲ್ಲ?’ ಒಂಟಿ ಮಗುವನ್ನು ವಾಪಸ್ ಕಳಿಸೋಕೆ ಇಷ್ಟು ಸಾಕು. ಇಸ್ಕೂಲಿನ ಬಾಗಿಲು ಮುಚ್ಚೋದೇ ಬೇಡ.

ಈ ಸೀಮೆಗೆ ಹೊಸಕಾಲದ ಶಾಲೆ ತಡವಾಗಿ ಬಂತು ಅಂತ ಹೇಳೋ ಹಾಗಿಲ್ಲ. ವೆಸ್ಲಿಯನ್ ಮಿಷನ್ನಿನವರು 1830ರ ದಶಕದಲ್ಲೇ ಗುಬ್ಬಿ, ಕುಣಿಗಲ್ಲುಗಳಲ್ಲಿ ನೆಲೆ ಮಾಡಿದ್ದರು. 1839ರಲ್ಲಿ ಗುಬ್ಬಿಗೆ ಬಂದ ವಿಲಿಯಂ ಆರ್ಥರ್ ಇಲ್ಲಿನ ಅನುಭವದ ಮೇಲೆ 1847ರಲ್ಲಿ ಪುಸ್ತಕವನ್ನೇ ತಂದ. ಆದರೆ ಊರಿಗೆ ಶಾಲೆ ಬರೋದು ಬೇರೆ, ಕೇರಿಯ ಮಗು ಶಾಲೆ ಮುಟ್ಟೋದು ಬೇರೆ.

ಈ ಅಂತರಕ್ಕೆ ದೊಡ್ಡ ಸಾಕ್ಷಿ ಧಾರವಾಡದಲ್ಲಿದೆ. ಆಗ ಅದು ಬೊಂಬಾಯಿ ಪ್ರಾಂತ್ಯಕ್ಕೆ ಸೇರಿತ್ತು. 1856ರಲ್ಲಿ ಒಬ್ಬ ಮಹಾರ್ ಹುಡುಗ ಅಲ್ಲಿನ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಅಂತ ಹೋದ. ಸೇರಿಸಲಿಲ್ಲ. ಹುಡುಗ ಸುಮ್ಮನಾಗದೆ ಬೊಂಬಾಯಿ ಸರ್ಕಾರಕ್ಕೇ ಅರ್ಜಿ ಹಾಕಿದ. ಸರ್ಕಾರದ ಉತ್ತರದ ಸಾರ ಇಷ್ಟು: ನ್ಯಾಯ ನಿನ್ನ ಕಡೆ ಇರಬಹುದು, ಆದರೆ ಹೀಗೆ ಕೇಳಿಕೊಂಡು ಬಂದ ಮಹಾರ ನೀನೊಬ್ಬನೇ, ಒಬ್ಬನಿಗಾಗಿ ಮಿಕ್ಕವರು ಶಾಲೆ ಬಿಡೋ ಹಾಗೆ ಮಾಡಲಾಗದು. ಸರ್ಕಾರಿ ಶಾಲೆ ಎಲ್ಲ ವರ್ಗಕ್ಕೂ ಸೇರಿದ್ದು ಅಂತ 1858ರಲ್ಲಿ ಲಂಡನ್ನಿನ ಕಂಪನಿ ಯಜಮಾನರು ಬರೆದು ಕಳಿಸಿದರು. 1882ರ ಹಂಟರ್ ಆಯೋಗ ಆ ತತ್ವವನ್ನು ಒಪ್ಪಿತು. ಜೊತೆಗೇ ಹುಷಾರಾಗಿ, ನಿಧಾನಕ್ಕೆ ಹೋಗಿ ಅಂತಲೂ ಬುದ್ಧಿ ಹೇಳಿತು.

‘ನೀನೊಬ್ಬನೇ.’ ಗೆಳೆಯರೇ, ಈ ಮಾತನ್ನು ನೆನಪಲ್ಲಿ ಇಟ್ಟುಕೊಳ್ಳೋಣ. ಬಾಗಿಲು ಹಾಕೋರಿಗೆ ಸಿಕ್ಕ ಅನುಕೂಲದ ನೆಪ ಅದು.

ತುಮಕೂರು ಆಗ ಮೈಸೂರು ಸಂಸ್ಥಾನದಲ್ಲಿತ್ತು. ಅಲ್ಲಿ ಪಂಚಮರಿಗೆ ಬೇರೆ ಶಾಲೆಗಳಿದ್ದವು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1915ರಲ್ಲಿ, ಸರ್ಕಾರಿ ಶಾಲೆಗಳಲ್ಲಿ ಜಾತಿಯ ಕಾರಣಕ್ಕೆ ಯಾರನ್ನೂ ತಡೆಯಬಾರದು ಅಂತ ಆದೇಶವಾಯಿತು. ಮೇಲ್ಜಾತಿಯವರು ಗಲಾಟೆ ಎಬ್ಬಿಸಿದರು, ಕೆಲವು ಕಡೆ ತಮ್ಮ ಮಕ್ಕಳನ್ನೇ ಶಾಲೆ ಬಿಡಿಸಿದರು. ಆದೇಶ ಬಾಗಿಲವರೆಗೆ ಬಂತು. ಜಗಲಿ ಮುಂದಿನ ದಾರಿಗೆ ಯಾವ ಆದೇಶವೂ ಇರಲಿಲ್ಲ.

ಬಿಳಿಯರ ಶಾಲೆಯ ಬಾಗಿಲಲ್ಲಿ ನಿಂತ ಅಮೆರಿಕದ ಕಪ್ಪು ಮಕ್ಕಳ ಕಥೆಯೂ ಇದೇ. 1957ರ ಸೆಪ್ಟೆಂಬರ್ 4ರಂದು ಲಿಟಲ್ ರಾಕ್ ಪಟ್ಟಣದ ಸೆಂಟ್ರಲ್ ಹೈಸ್ಕೂಲಿಗೆ ಒಂಬತ್ತು ಮಕ್ಕಳು ಹಿರಿಯರ ಜೊತೆ ಕೂಡಿ ಹೋಗೋದು ಅಂತ ಗೊತ್ತಾಗಿತ್ತು. 15 ವರ್ಷದ ಎಲಿಜಬೆತ್ ಎಕ್‌ಫೋರ್ಡ್ ಮನೆಯಲ್ಲಿ ಫೋನು ಇರಲಿಲ್ಲ. ಸುದ್ದಿ ಮುಟ್ಟಲಿಲ್ಲ. ಆ ಹುಡುಗಿ ಒಬ್ಬಳೇ ಹೋದಳು. ಬಿಳಿಯರ ಗುಂಪು ಬೆನ್ನು ಹತ್ತಿ ಬಯ್ಯುತ್ತಿದ್ದ ಆ ಫೋಟೋ ಲೋಕವೆಲ್ಲ ನೋಡಿದೆ. ಅವತ್ತು ಒಂಬತ್ತು ಮಕ್ಕಳಿಗೂ ಒಳಗೆ ಬಿಡಲಿಲ್ಲ. ಸೆಪ್ಟೆಂಬರ್ 25ಕ್ಕೆ ಸೈನ್ಯದ ಕಾವಲಿನಲ್ಲಿ ಒಂಬತ್ತೂ ಮಕ್ಕಳು ಕೂಡಿಯೇ ಒಳಗೆ ಹೋದರು. ನಮ್ಮ ಕೇರಿಗೆ ಯಾವ ಸೈನ್ಯ ಬರುತ್ತೆ? ಕಾವಲು ನಾವೇ ಆಗಬೇಕು.

ಜಪಾನಿನಲ್ಲಿ ಎಷ್ಟೋ ಕಡೆ ಒಂದು ಬೀದಿಯ ಮಕ್ಕಳು ಗುಂಪು ಕಟ್ಟಿ, ದೊಡ್ಡ ಮಗುವನ್ನು ಮುಂದೆ ಬಿಟ್ಟುಕೊಂಡು ಶಾಲೆಗೆ ನಡೀತಾರೆ. 1990ರ ದಶಕದಲ್ಲಿ ಆಸ್ಟ್ರೇಲಿಯದ ಡೇವಿಡ್ ಎಂಗ್ವಿಕ್ಟ್ ‘ನಡೆಯುವ ಸ್ಕೂಲ್ ಬಸ್’ ಅನ್ನೋ ವಿಚಾರ ಮುಂದಿಟ್ಟ. ದೊಡ್ಡವರು ಜೊತೆಗೆ ನಡೀತಾ, ಮನೆಮನೆಯಿಂದ ಮಕ್ಕಳನ್ನು ಸಾಲಿಗೆ ಸೇರಿಸಿಕೊಂಡು ಹೋಗೋದು. ಅಲ್ಲಿನವರ ಮುಖ್ಯ ಭಯ ಮೋಟಾರು. ಅದು ನಮಗೂ ಇದೆ. ತುಮಕೂರಿನ ಬಿ.ಎಚ್. ರಸ್ತೆ, ಕುಣಿಗಲ್ ಬದಿಯ ಮಂಗಳೂರು ಹೆದ್ದಾರಿ ದಾಟೋದು ಸಣ್ಣ ಮಕ್ಕಳಿಗೆ ಆಟವಲ್ಲ. ನಮಗೆ ಮೋಟಾರಿನ ಜೊತೆಗೆ ಜಗಲಿಯೂ ಇದೆ.

ಕಾಯಿದೆ ಇಲ್ಲ ಅಂತಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರ ನಿಯಮಗಳ ಪ್ರಕಾರ ಐದನೇ ತರಗತಿವರೆಗಿನ ಶಾಲೆ 1 ಕಿಲೋಮೀಟರಿನಲ್ಲಿ, ಎಂಟರವರೆಗಿನದು 3 ಕಿಲೋಮೀಟರಿನಲ್ಲಿ ಇರಬೇಕು. ಸಾಮಾಜಿಕ ಕಾರಣಕ್ಕೆ ಮಗುವಿನ ದಾರಿಗೆ ಅಡ್ಡಿ ಆಗದಂತೆ ನೋಡೋದು ಸರ್ಕಾರದ ಹೊಣೆ ಅಂತಲೂ ಇದೆ. ಆದರೆ ಕಿಲೋಮೀಟರು ಅಳೆಯೋ ಟೇಪಿನಲ್ಲಿ ಜಗಲಿಯ ಬೈಗುಳ ಅಳೆಯೋಕಾಗಲ್ಲ. 2006-07ರಲ್ಲಿ ಶುರುವಾದ ಸೈಕಲ್ ಯೋಜನೆ ಎಂಟನೇ ತರಗತಿಯವರಿಗೆ ಇತ್ತು. ಒಂದನೇ ತರಗತಿಯ ಕೂಸಿಗೆ ಕಾಲೇ ಗತಿ.

ಆದ್ದರಿಂದ ಸಂಘಟನೆಯ ಹುಡುಗರು, ಹಳ್ಳಿ ಮೇಷ್ಟ್ರುಗಳು ಕೈಗೆ ತಗೋಬೇಕಾದ ಕೆಲಸ ಇದು. ಬೆಳಗ್ಗೆ ಒಂದು ಹೊತ್ತು, ಒಂದು ಮರದಡಿ ಗೊತ್ತು ಮಾಡಿ. ಮುಂದೆ ಒಬ್ಬರು, ಹಿಂದೆ ಒಬ್ಬರು ದೊಡ್ಡವರು ಇರಲಿ. ಹೊರಡುವಾಗ ಎಣಿಸಿ, ಮುಟ್ಟಿದ ಮೇಲೆ ಎಣಿಸಿ, ಸಂಜೆ ಹಾಗೇ ಕರಕೊಂಡು ಬನ್ನಿ. ಬಾರದ ಮಗುವಿನ ಮನೆಗೆ ಅವತ್ತೇ ಹೋಗಿ ಕೇಳಿ. ಕೂಲಿ ತಪ್ಪಿಸಿಕೊಂಡು ದಿನಾ ಬರೋಕೆ ಯಾವ ತಾಯಿಗೂ ಆಗಲ್ಲ, ಅದಕ್ಕೆ ಸರದಿ ಹಾಕಿಕೊಳ್ಳಿ. ಶಾಲೆಯ ಎಸ್‌ಡಿಎಂಸಿ ಸಭೆಯಲ್ಲಿ ಕಟ್ಟಡದ ಜೊತೆ ದಾರಿಯ ಮಾತೂ ಎತ್ತಿ.

ಒಂದು ಎಚ್ಚರ ಬೇಕು. ಸಾಲು ಕಟ್ಟಿದ ಕೂಡಲೇ ಊರಿನ ಮಕ್ಕಳು ಮುಂದೆ, ಕೇರಿಯ ಮಕ್ಕಳು ಹಿಂದೆ ಆದರೆ, ನಾವೇ ದಾರಿ ಮೇಲೆ ಹಳೇ ಊರನ್ನು ಕಟ್ಟಿದ ಹಾಗಾಯಿತು. ಸಾಲು ಕೇರಿಯಿಂದ ಹೊರಡಲಿ. ಊರಿನ ಮಕ್ಕಳು ನಡುವೆ ಬಂದು ಸೇರಿ, ಕೈ ಹಿಡಿದು ನಡೀಲಿ. ಜಗಲಿ ಮೇಲಿನವರ ಮೊಮ್ಮಗಳೇ ಆ ಸಾಲಿನಲ್ಲಿದ್ದರೆ ಅವರು ಯಾರನ್ನು ಬಯ್ತಾರೆ?

ಧಾರವಾಡದ ಆ ಹುಡುಗನಿಗೆ ‘ನೀನೊಬ್ಬನೇ’ ಅಂದರು. ನಾಳೆ ಬೆಳಗ್ಗೆ ಕೇರಿಯಿಂದ ಹೊರಡೋ ಯಾವ ಮಗುವಿಗೂ ಹಾಗೆ ಅನ್ನೋಕೆ ಆಗಬಾರದು.