ಉಪ್ಪಂಗಳದ ಮರಗಳಿಗೆ ಪುದುಚೇರಿಯ ಟೇಪು

1982ರಲ್ಲಿ ಅಚ್ಚಾದ ಒಂದು ಕಾಡಿನ ನಕಾಶೆಯ ಮೇಲೆ ಮೂವರ ಹೆಸರಿದೆ: ಫ್ರಾನ್ಸಿನ ಸಸ್ಯವಿಜ್ಞಾನಿ ಜೆ.ಪಿ. ಪಾಸ್ಕಲ್, ಕರ್ನಾಟಕದ ಅರಣ್ಯಾಧಿಕಾರಿ ಎಸ್. ಶ್ಯಾಮಸುಂದರ್, ಪುದುಚೇರಿಯ ಫ್ರೆಂಚ್ ಸಂಸ್ಥೆಯ ವಿ.ಎಂ. ಮೆಹೆರ್-ಹೋಮ್ಜಿ. ಅದು ಮಡಿಕೇರಿ–ಮೈಸೂರು ಹಾಳೆ. ಅದರ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ ಎರಡೂವರೆ ಕಿಲೋಮೀಟರ್. ಅದೇ ವರ್ಷ ಶಿವಮೊಗ್ಗದ ಹಾಳೆ ಬಂತು, 1984ರಲ್ಲಿ ಬೆಳಗಾವಿ–ಧಾರವಾಡ–ಪಣಜಿಯದು.

ಅರಣ್ಯ ಇಲಾಖೆಗೆ ನಕಾಶೆ ಹೊಸದೇನಲ್ಲ. ಗಡಿ ಎಲ್ಲಿ, ಯಾವ ಬ್ಲಾಕಿನಲ್ಲಿ ಕಡಿಯಬೇಕು ಎಂಬ ಲೆಕ್ಕಕ್ಕೆ ಅವು ಬೇಕೇ ಬೇಕು. ಈ ಹಾಳೆಗಳು ಎತ್ತಿದ ಪ್ರಶ್ನೆ ಬೇರೆ: ಈ ಮರ ಇಲ್ಲೇ ಏಕೆ, ಹತ್ತು ಹರದಾರಿ ಆಚೆ ಏಕಿಲ್ಲ?

ಪ್ರಶ್ನೆಯ ಬೇರು ಪುದುಚೇರಿಯಲ್ಲಿದೆ. 1954ರ ನವೆಂಬರಿನಲ್ಲಿ ಫ್ರೆಂಚರು ಆ ಊರಿನ ಆಡಳಿತವನ್ನು ಭಾರತಕ್ಕೆ ಒಪ್ಪಿಸಿದರು. ಮರುವರ್ಷ ಮಾರ್ಚಿನಲ್ಲೇ ಅಲ್ಲಿ ಫ್ರೆಂಚ್ ಸಂಸ್ಥೆ ಬಾಗಿಲು ತೆರೆಯಿತು. ಮೊದಲ ನಿರ್ದೇಶಕ ಜ್ಯಾಂ ಫಿಲಿಯೋಜಾ ಸಂಸ್ಕೃತ, ತಮಿಳು ಬಲ್ಲ ಭಾರತಶಾಸ್ತ್ರಜ್ಞ. ತಾಳೆಗರಿಗಳ ಪಕ್ಕದಲ್ಲೇ ಗಿಡಮರಗಳ ಅಧ್ಯಯನಕ್ಕೂ ಜಾಗ ಸಿಕ್ಕಿತು. ಆಳುವ ಕೆಲಸ ಮುಗಿದ ಮೇಲೆ ಅರಿಯುವ ಕೆಲಸ ಹಿಡಿದದ್ದು ಸಾಮ್ರಾಜ್ಯಗಳ ಚರಿತ್ರೆಯಲ್ಲಿ ಅಪರೂಪವೇ ಸರಿ.

ಟುಲೂಸ್‌ನ ಸಸ್ಯವಿಜ್ಞಾನಿ ಹೆನ್ರಿ ಗೋಸೆನ್ ಅವರ ಸೂತ್ರವೂ ಈ ಸಂಸ್ಥೆಯ ದಾರಿಯಲ್ಲೇ ಬಂತು. ತಿಂಗಳ ಮಳೆ ಮಿಲಿಮೀಟರಿನಲ್ಲಿ ಎಷ್ಟೋ, ಅದು ಸರಾಸರಿ ತಾಪಮಾನದ ಎರಡರಷ್ಟಕ್ಕಿಂತ ಕಡಿಮೆಯಾದರೆ ಅದು ಒಣ ತಿಂಗಳು. ಇಪ್ಪತ್ತೈದು ಡಿಗ್ರಿ ಸೆಕೆಯಿದ್ದರೆ ಐವತ್ತು ಮಿಲಿಮೀಟರ್ ಮಳೆಯೇ ಗಡಿ. ಕೈಬೆರಳಲ್ಲಿ ಎಣಿಸಬಹುದಾದ ಈ ಲೆಕ್ಕ ಪಶ್ಚಿಮಘಟ್ಟದ ಒಗಟೊಂದನ್ನು ಬಿಡಿಸಿತು. ಮುಂಗಾರು ಕೇರಳಕ್ಕೆ ಮೊದಲು ಬಂದು ಉತ್ತರಕ್ಕೆ ತಡವಾಗಿ ಹೋಗುತ್ತದೆ. ಹಿಂದಿರುಗುವಾಗ ಉತ್ತರವನ್ನು ಮೊದಲು ಬಿಡುತ್ತದೆ. ಹಾಗಾಗಿ ಮಳೆಯ ಒಟ್ಟು ಮೊತ್ತ ಹೆಚ್ಚುಕಡಿಮೆ ಒಂದೇ ಇದ್ದರೂ ಬಡಗಣಕ್ಕೆ ಹೋದಂತೆ ಒಣಗಾಲ ಉದ್ದವಾಗುತ್ತದೆ. ಎಷ್ಟು ಸುರಿಯಿತು ಎನ್ನುವುದಕ್ಕಿಂತ ಎಷ್ಟು ದಿನ ಸುರಿಯಲಿಲ್ಲ ಎನ್ನುವುದನ್ನು ಮರ ಹೆಚ್ಚು ಗಮನಿಸುತ್ತದೆ. ಆಗುಂಬೆಯ ಮಳೆಯನ್ನು ಹೊಗಳುವ ನಾವು ಅಲ್ಲಿನ ಬೇಸಗೆಯನ್ನು ಎಣಿಸಿದ್ದು ಕಡಿಮೆ.

ಈ ಘಟ್ಟದ ಕಾಡುಗಳ ಕುರಿತ ಪಾಸ್ಕಲ್ ಅವರ ದೊಡ್ಡ ಗ್ರಂಥ 1984ರಲ್ಲಿ ಫ್ರೆಂಚಿನಲ್ಲಿ, 1988ರಲ್ಲಿ ಇಂಗ್ಲಿಷಿನಲ್ಲಿ ಬಂತು. ನಡುವೆ 1987ರಲ್ಲಿ ಬಿ.ಆರ್. ರಮೇಶ್ ಜೊತೆ ಅವರು ನಿತ್ಯಹರಿದ್ವರ್ಣ ಕಾಡಿನ ಮರಬಳ್ಳಿಗಳನ್ನು ಗುರುತಿಸುವ ಕೈಪಿಡಿ ಹೊರತಂದರು. ಆಕಾಶ ಮುಟ್ಟುವ ಮರದ ಹೂವಿಗಾಗಿ ಕಾಯದೆ ಎಲೆ, ತೊಗಟೆ ನೋಡಿಯೇ ಹೆಸರು ಹೇಳುವ ಉಪಾಯ ಅದರಲ್ಲಿತ್ತು.

ನಕಾಶೆ ಕಾಡಿನ ಒಂದು ಕ್ಷಣವನ್ನಷ್ಟೇ ಹಿಡಿಯುತ್ತದೆ. ಕಾಲವನ್ನು ಹಿಡಿಯಲು ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗಬೇಕು. ಅದಕ್ಕೆ ಆರಿಸಿದ್ದು ಕೊಡಗಿನ ಕಡಮಕಲ್ಲು ಮೀಸಲು ಅರಣ್ಯದ ಉಪ್ಪಂಗಳ. ವರ್ಷಕ್ಕೆ ಐದು ಸಾವಿರ ಮಿಲಿಮೀಟರ್ ಮಳೆ. ಜಿಗಣೆಗಳ ಕಾಟ ಹೇಳಬೇಕಿಲ್ಲ. ಇದೇ ಮೀಸಲು ಅರಣ್ಯದ ಬೇರೆ ಭಾಗಗಳಲ್ಲಿ ಆಯ್ದು ಕಡಿಯುವ ಕೆಲಸ ನಡೆದಿತ್ತು, ಈ ಭಾಗಕ್ಕೆ ಕೊಡಲಿ ಬಿದ್ದಿರಲಿಲ್ಲ. 1990ರ ಹೊತ್ತಿಗೆ ಐದು ಹೆಕ್ಟೇರಿಗೆ ತುಸು ಹೆಚ್ಚು ಜಾಗ ಗುರುತಾಗಿ, ಎದೆಮಟ್ಟದಲ್ಲಿ ಮೂವತ್ತು ಸೆಂಟಿಮೀಟರ್ ಸುತ್ತಳತೆ ದಾಟಿದ ಪ್ರತಿ ಮರವೂ ಪಟ್ಟಿ ಸೇರಿತು. ಯಾವುದು ಬೆಳೆಯಿತು, ಯಾವುದು ಬಿತ್ತು, ಯಾವುದು ಹೊಸದಾಗಿ ಮೂವತ್ತರ ಗೆರೆ ದಾಟಿತು, ಎಲ್ಲಕ್ಕೂ ಲೆಕ್ಕವಿಟ್ಟರು. ಇಂಥ ಕೆಲಸಕ್ಕೆ ಯಂತ್ರಕ್ಕಿಂತ ಹಟ ಬೇಕು.

ಅಲ್ಲಿ ಧೂಪ, ಎಣ್ಣೆಮರಗಳು ಮೇಲೆ ಚಪ್ಪರ ಹಾಕುತ್ತವೆ. ಕೆಳಗೆ ಕಿಕ್ಕಿರಿದಿರುವುದು ಹಾಸಿಗೆ ಮರ. ಪಶ್ಚಿಮಘಟ್ಟ ಬಿಟ್ಟು ಬೇರೆಲ್ಲೂ ಇರದ ಈ ಗಿಡದ ವೈಜ್ಞಾನಿಕ ಹೆಸರು ಹಂಬೋಲ್ಟಿಯಾ ಬ್ರುನೋನಿಸ್: ಮೊದಲ ಪದ ಜರ್ಮನಿಯ ಹಂಬೋಲ್ಟನ ನೆನಪಿಗೆ, ಎರಡನೆಯದು ಸ್ಕಾಟ್ಲೆಂಡಿನ ರಾಬರ್ಟ್ ಬ್ರೌನನ ನೆನಪಿಗೆ. ಅಂತರರಾಷ್ಟ್ರೀಯತೆ ಹೆಸರಲ್ಲೇ ಇದೆ! ಕೆಲವು ಗಿಡಗಳ ಟೊಳ್ಳು ಗೆಣ್ಣುಗಳಲ್ಲಿ ಇರುವೆಗಳು ಬಿಡಾರ ಹೂಡುತ್ತವೆ. ಬಾಡಿಗೆ ತೆರುವವು ಯಾವುವು, ಬಿಟ್ಟಿ ಕೂರುವವು ಯಾವುವು ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೆನೀ ಬೋರ್ಜೆಸ್ ಮತ್ತು ಫ್ರೆಂಚ್ ಸಂಗಡಿಗರು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದರು.

ಉಪ್ಪಂಗಳದ ಮರಗಳ ಲೆಕ್ಕ 2011ರಲ್ಲಿ ‘ಇಕಾಲಜಿ’ ಪತ್ರಿಕೆಯ ಮೂಲಕ ಎಲ್ಲರಿಗೂ ಮುಕ್ತವಾಯಿತು. ಆರು ಲೇಖಕರಲ್ಲಿ ಇಬ್ಬರು ಫ್ರೆಂಚರು, ನಾಲ್ವರು ಭಾರತೀಯರು. ಸುಳ್ಯ, ಮಡಿಕೇರಿಯ ಕಾಲೇಜುಗಳಿಗೆ ಈ ಕಾಡು ಕೂಗಳತೆಯಲ್ಲಿದೆ. ಅಲ್ಲಿನ ವಿದ್ಯಾರ್ಥಿಗಳು ಆ ಪಟ್ಟಿಯನ್ನು ಒಮ್ಮೆ ತೆರೆದು ನೋಡಲಿ.