ಎಂಟು ಗಂಟೆಯ ದುಡಿಮೆ: ಹಳೆಯ ಪಾಠಕ್ಕೊಂದು ತಿದ್ದುಪಡಿ

ಮೇ ದಿನಾಚರಣೆಯ ಪಾಠ ಮಾಡುವಾಗ ನಾನು 1886ರ ಷಿಕಾಗೋ ಘಟನೆಯನ್ನು ವಿವರಿಸಿ, ಎಂಟು ಗಂಟೆಯ ದುಡಿಮೆ ಹೀಗೆ ಬಂದಿತೆಂದು ಮುಗಿಸುತ್ತಿದ್ದುದು ನಿಮಗೆ ನೆನಪಿರಬಹುದು. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ, “ಎಲ್ಲರಿಗೂ ಬಂತೇ ಸಾರ್?” ಎಂದು ಕೇಳಿದ್ದ. “ಬಂತು, ಕುಳಿತುಕೋ” ಎಂದಿದ್ದೆ. ಆ ಉತ್ತರ ತಪ್ಪಾಗಿತ್ತು.

ಈಚೆಗೆ ‘ಸಮ್‌ಟೈಮ್ಸ್ ಎ ಗ್ರೇಟ್ ನೋಷನ್’ ಎಂಬ 1971ರ ಅಮೆರಿಕನ್ ಚಿತ್ರವನ್ನು ನೋಡಿದೆ. ಕೆನ್ ಕೀಸಿಯ ಕಾದಂಬರಿಯನ್ನು ಆಧರಿಸಿ ಪಾಲ್ ನ್ಯೂಮನ್ ನಿರ್ದೇಶಿಸಿ ನಟಿಸಿದ್ದು. ಆರೆಗಾನ್ ಕರಾವಳಿಯಲ್ಲಿ ಮರ ಕಡಿಯುವವರೆಲ್ಲ ಮುಷ್ಕರ ಹೂಡಿರುವಾಗ ಸ್ಟ್ಯಾಂಪರ್ ಕುಟುಂಬ ಮಾತ್ರ ಕೊಡಲಿ ಕೆಳಗಿಡುವುದಿಲ್ಲ. ಮುದುಕ ತಂದೆ ಹೆನ್ರಿ ಫೊಂಡಾ. ದಿಮ್ಮಿಯಡಿ ಸಿಲುಕಿದ ಜೋ ಬೆನ್‌ನ ಮುಖದವರೆಗೆ ನದಿಯ ನೀರು ಏರುತ್ತ ಬರುವ ದೃಶ್ಯವಿದೆ; ನ್ಯೂಮನ್ ತನ್ನ ಬಾಯಿಂದ ಅವನಿಗೆ ಉಸಿರು ತುಂಬುತ್ತಾನೆ. ಅದನ್ನು ಕುಳಿತು ನೋಡಲಾರದೆ ನಾನು ಎದ್ದು ಹೋದೆ. ಚಿತ್ರದ ಒಲವೆಲ್ಲ ಈ ಹಟಮಾರಿ ಮನೆಯ ಕಡೆಗೇ ಇದೆ. ಮುಷ್ಕರ ಹೂಡಿದವರು ಕೇವಲ ಗೊಣಗುವವರಂತೆ ಕಾಣುತ್ತಾರೆ. ಇದು ನನಗೆ ಸರಿತೋರಲಿಲ್ಲ. ಆ ಕಾಡುಗಳ ನಿಜವಾದ ಚರಿತ್ರೆಯನ್ನು ಓದಲು ತೊಡಗಿದೆ.

1917ರಲ್ಲಿ, ಅಂದರೆ ಷಿಕಾಗೋ ಘಟನೆಯಾಗಿ 31 ವರ್ಷ ಕಳೆದ ಮೇಲೂ, ವಾಷಿಂಗ್ಟನ್ ಮತ್ತು ಆರೆಗಾನ್ ಕಾಡುಗಳಲ್ಲಿ ದಿನಕ್ಕೆ ಹತ್ತು ಗಂಟೆಯ ದುಡಿಮೆಯೇ ವಾಡಿಕೆ. ಹಾಸಿಗೆಯನ್ನು ಕೂಲಿಯವನೇ ಹೊತ್ತು ಶಿಬಿರದಿಂದ ಶಿಬಿರಕ್ಕೆ ಅಲೆಯಬೇಕು. ಮಲಗುವ ಕೊಟ್ಟಿಗೆಗಳಲ್ಲಿ ಹೇನು, ತಿಗಣೆ. ಆ ಬೇಸಿಗೆಯಲ್ಲಿ ಮುಷ್ಕರವಾಯಿತು. ಎಂಟು ಗಂಟೆಯ ದಿನ, ಶುಚಿಯಾದ ಹಾಸಿಗೆ — ಬೇಡಿಕೆ ಇಂಥವು. ಹಸಿವು ಹೆಚ್ಚಿದಾಗ ಕೆಲಸಕ್ಕೆ ಮರಳಿದರು, ಆದರೆ ಜಾಣತನದಿಂದ: ನಿಧಾನವಾಗಿ ದುಡಿದರು, ಎಂಟು ಗಂಟೆಯಾದೊಡನೆ ಕೊಡಲಿ ಇಳಿಸಿ ನಡೆದರು!

ಅದು ಮಹಾಯುದ್ಧದ ಕಾಲ. ವಿಮಾನಗಳಿಗೆ ಹಗುರವೂ ಗಟ್ಟಿಯೂ ಆದ ಸ್ಪ್ರೂಸ್ ಮರ ತುರ್ತಾಗಿ ಬೇಕಿತ್ತು. ಸೇನೆ ಸಿಪಾಯಿಗಳನ್ನೇ ಕಾಡಿಗಿಳಿಸಿತು. ಮುಷ್ಕರ ಹೂಡುವುದಿಲ್ಲವೆಂದು ಪ್ರತಿಜ್ಞೆ ಮಾಡಿದವರದೇ ಒಂದು ಸಂಘ ಕಟ್ಟಿಸಿತು. ಹೋರಾಟದ ಮುಂದಾಳುಗಳು ಸೆರೆಮನೆ ಸೇರಿದರು. ಅಷ್ಟಾದರೂ ಮರ ಸಾಲದೆ, ಕೊನೆಗೆ ಎಂಟು ಗಂಟೆಯ ದಿನವನ್ನು ಒಪ್ಪಲೇಬೇಕಾಯಿತು. ಆ ವರ್ಷದ ಮೇ 1ರಂದು ಕೂಲಿಗಳು ತಾವು ಹೊತ್ತು ತಿರುಗಿದ ಹಳೆಯ ಹಾಸಿಗೆಗಳನ್ನು ಒಟ್ಟಿ ಸುಟ್ಟರಂತೆ.

ಆ ಹುಡುಗ ಇದನ್ನು ಓದುತ್ತಿದ್ದರೆ ಅಂದಿನ ಉತ್ತರವನ್ನು ಹೊಡೆದುಹಾಕಲಿ. ಆರೆಗಾನಿನ ಮರ ಕಡಿಯುವವರಿಗೆ ಅದು ಬಂದದ್ದು 1918ರ ಮಾರ್ಚ್ 1ರಂದು.