ಎರಡು ತಂಡಗಳ ಒಡೆಯ

ಪರಸ್ಪರ ಬದ್ಧವೈರಿಗಳಾದ ಎರಡು ಕಾಲ್ಚೆಂಡಿನ ತಂಡಗಳು ಏಕಕಾಲದಲ್ಲಿ ಒಬ್ಬನೇ ಧನಿಕನ ಆಶ್ರಯಕ್ಕೆ ಬಂದ ಪ್ರಸಂಗವು ಬೆಂಗಳೂರಿನ ಉದ್ಯಮಚರಿತ್ರೆಗೆ ಸೇರಿದುದಾದರೂ, ಕವಿತಾಳ, ಮಾನ್ವಿಗಳಲ್ಲಿರುವ ನಮ್ಮ ಆಟದ ಮಕ್ಕಳೂ ಅರಿಯತಕ್ಕದ್ದು.

1983ರಲ್ಲಿ ತಂದೆ ವಿಠಲ ಮಲ್ಯರು ತೀರಿಕೊಳ್ಳಲು, ಎಳೆಯ ವಯಸ್ಸಿನಲ್ಲಿಯೇ ಬೆಂಗಳೂರಿನ ಮದ್ಯೋದ್ಯಮವಾದ ಯುಬಿ ಸಮೂಹದ ಅಧಿಪತ್ಯವನ್ನು ವಹಿಸಿಕೊಂಡ ವೈಭವಪ್ರಿಯ ವಿಜಯ ಮಲ್ಯರು, 1998ರಲ್ಲಿ ಕಲ್ಕತ್ತೆಯ ಮೋಹನ್ ಬಾಗಾನ್ ಮತ್ತು ಈಸ್ಟ್ ಬೆಂಗಾಲ್ ತಂಡಗಳೆರಡರಲ್ಲಿಯೂ ಶೇಕಡಾ 50ರ ಪಾಲನ್ನು ತಮ್ಮ ಸಮೂಹಕ್ಕೆ ಪಡೆದರು. 1911ರಲ್ಲಿ ಬಹುಮಟ್ಟಿಗೆ ಬರಿಗಾಲಿನಲ್ಲಿಯೇ ಆಡಿ, ಆಂಗ್ಲ ಸೈನಿಕರ ತಂಡವನ್ನು 2-1ರಿಂದ ಜಯಿಸಿ, ಪರಾಧೀನ ದೇಶಕ್ಕೆ ಆತ್ಮವಿಶ್ವಾಸವನ್ನಿತ್ತ ಮೋಹನ್ ಬಾಗಾನ್‌ನ ಹೆಸರಿನ ಹಿಂದೆ ಮ್ಯಾಕ್‌ಡೊವೆಲ್ ಎಂಬ ಮದ್ಯದ ಹೆಸರು ಅಂಟಿಕೊಂಡಿತು. ಈಸ್ಟ್ ಬೆಂಗಾಲ್‌ಗೆ ಕಿಂಗ್‌ಫಿಷರ್ ಎಂಬ ಬಿಯರಿನ ಹೆಸರು ಪೂರ್ವಪದವಾಯಿತು. ಈ ಹೆಸರುಗಳು ಅಂಟಿದುದು ನನಗೆ ಇಂದಿಗೂ ನೋವಿನ ಸಂಗತಿ. ಹಣ ಹರಿದುದು ನಿಜ, 2003ರಲ್ಲಿ ಈಸ್ಟ್ ಬೆಂಗಾಲ್ ಜಕಾರ್ತದಲ್ಲಿ ಆಸಿಯಾನ್ ಕ್ಲಬ್ ಪ್ರಶಸ್ತಿಯನ್ನು ಗೆದ್ದುದೂ ನಿಜ. ಆದರೆ ಗೆದ್ದವನಿಗೂ ಸೋತವನಿಗೂ ಒಬ್ಬನೇ ಪಾಲುದಾರನಾಗಿರುವಲ್ಲಿ ಸ್ಪರ್ಧೆಯ ನಿಷ್ಪಕ್ಷಪಾತಕ್ಕೆ ಪ್ರಮಾಣವೆಲ್ಲಿ?

ಧನಿಕನ ಭಾಗ್ಯಕ್ಕೆ ಕಟ್ಟುಬಿದ್ದ ಆಟವು ಅವನ ಪತನದಲ್ಲಿಯೂ ಭಾಗಿಯಾಗಬೇಕಾಗುವುದು. ಮಲ್ಯರ ಕಿಂಗ್‌ಫಿಷರ್ ವಿಮಾನಗಳು 2012ರಲ್ಲಿ ನೆಲ ಹಿಡಿದುವು. 2014ರ ವೇಳೆಗೆ ಮ್ಯಾಕ್‌ಡೊವೆಲ್ಲಿನ ಕಂಪನಿಯು ಬ್ರಿಟನ್ನಿನ ಡಿಯಾಜಿಯೊ ಹಿಡಿತಕ್ಕೆ ಸೇರಿತು. 2016ರ ಮಾರ್ಚಿನಲ್ಲಿ, ಬ್ಯಾಂಕುಗಳ ಸಾಲ ತೀರದಿರುವಾಗಲೇ, ಮಲ್ಯರು ದೇಶವನ್ನು ತೊರೆದರು. ಹೊಸ ಆಸರೆಯನ್ನರಸಿದ ಈಸ್ಟ್ ಬೆಂಗಾಲ್ 2018ರಲ್ಲಿ ಬೆಂಗಳೂರಿನ ಮತ್ತೊಂದು ಕಂಪನಿಯಾದ ಕ್ವೆಸ್‌ನೊಡನೆ ಕೈಜೋಡಿಸಿತು; ಆ ಸಂಬಂಧವೂ 2020ರಲ್ಲಿ ಕಡಿದುಹೋಯಿತು.